ಅಟ್ಟದ ಮೂಲೆಯ ಕಾಯಿ

ಅಟ್ಟಕ್ಕೇರಿಸಿದ ತೆಂಗಿನಕಾಯಿಯನ್ನು ಹನ್ನೊಂದು ತಿಂಗಳ ನಂತರ ಯಾವ ದಿನ ಇಳಿಸಬೇಕೆಂದು ಹೇಳುವ ಆ್ಯಪ್ ಒಂದನ್ನು ಪರೀಕ್ಷಿಸುವುದು ಧನ್ಯಶ್ರೀಯ ಕೆಲಸ. ತಿಪಟೂರಿನ ಆಫೀಸಿನಲ್ಲಿ ಇನ್ನೂರು ತಾರೀಖು ಹಾಕಿ ನೋಡಿದ್ದಳು. ಒಂದು ತಪ್ಪೂ ಸಿಕ್ಕಿರಲಿಲ್ಲ. ಎಲ್ಲವೂ ತಿಂಗಳ ನಡುವಿನ ಸಾಧು ತಾರೀಖುಗಳು.

ಭಾನುವಾರ ಶೆಟ್ಟಿಕೆರೆಯಲ್ಲಿ ಅಜ್ಜಿ ರಂಗಮ್ಮನ ಜೊತೆ ಅಟ್ಟ ಹತ್ತಿ, ರಾಶಿಯ ನಡುವಿನ ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಣಗಿದ ಕೊಬ್ಬರಿ ಲೊಡಲೊಡ ಎಂದಿತು.

“ನಡುವಿನವು ಚೆನ್ನಾಗೇ ಇರ್ತವೆ ಕಣೇ. ಹೆಂಚು ಸೋರೋ ಮೂಲೇದು ಅಲ್ಲಾಡ್ಸು,” ಎಂದಳು ಅಜ್ಜಿ.

ಮೂಲೆಯ ಕಾಯಿ ಇನ್ನೂ ಹಸಿ, ಕೊಬ್ಬರಿಯ ಸದ್ದೇ ಬರಲಿಲ್ಲ.

ಧನ್ಯಶ್ರೀ ಅಲ್ಲೇ ಕೂತು ಮೊಬೈಲಿನಲ್ಲಿ ಕಾಯಿ ಏರಿಸಿದ ದಿನವೆಂದು ತಿಂಗಳ ಕೊನೆಯ ತಾರೀಖು ಹಾಕಿದಳು: ಮಾರ್ಚ್ ಮೂವತ್ತೊಂದು. ಫೆಬ್ರುವರಿ ಮೂವತ್ತೊಂದಕ್ಕೆ ಇಳಿಸಿ ಎಂದಿತು ಆ್ಯಪ್. ಅಜ್ಜಿಗೆ ಓದಿ ಹೇಳಿದಳು.

“ಆ ದಿನ ಬರೋ ಹೊತ್ಗೆ ಮೂಲೇದೂ ಒಣಗಿರ್ತದೆ ಬುಡು,” ಎಂದಳು ರಂಗಮ್ಮ.