ಬೆಲ್ಲದ ಬಣ್ಣಕ್ಕೆ ಬಂದ ಕುಳ

ಜಂಪಣ್ಣ ತನ್ನ ಹಿತ್ತಲಿನ ಕುಲುಮೆಯನ್ನು ಮೊದಲ ಸಲ ಹೊತ್ತಿಸಿದ ದಿನ ಹನ್ನೆರಡು ಮೈಲಿ ಆಚೆ ಮಾರಿಕಣಿವೆ ಅಣೆಕಟ್ಟಿನ ನೀರು ಕುದಿಯಿತು. ಮೀನುಗಳು ಬೆಂದು ತಾವಾಗಿಯೇ ದಡಕ್ಕೆ ಬಂದು ಮಲಗಿದವು. ಮನೆಯಿಂದ ಉಪ್ಪು ಖಾರ ತಂದಿದ್ದವರು ಚಪ್ಪರಿಸಿ ತಿಂದರು. ತರದವರು ಸಪ್ಪೆ ಮೀನು ತಿಂದು ಜಂಪಣ್ಣನನ್ನು ಬೈದರು.

ಹೀಗೆಂದು ಹೇಳಿದವನು ಬೇರೆ ಯಾರೂ ಅಲ್ಲ, ಖುದ್ದು ಜಂಪಣ್ಣ. ಹೇಳಿದ್ದು ಗೌಡ ದೊಡ್ಡತಿಮ್ಮಪ್ಪನ ಜಗಲಿಯ ಮೇಲೆ, ಹತ್ತು ಜನರ ಎದುರಿಗೆ.

"ಮೀನು ಬೆಂದ್ವೋ ಬಿಟ್ವೋ ನಂಗೊತ್ತಿಲ್ಲ, ನನ್ ಕಂಬಳಿ ಮಾತ್ರ ಬೆಂದೈತೆ" ಎಂದು ಪಕ್ಕದ ಮನೆಯ ಓಬಯ್ಯ ಎದ್ದು ನಿಂತ. ಕಂಬಳಿ ಬಿಡಿಸಿ ತೋರಿಸಿದ. ನಡುವೆ ಅಂಗೈಯಗಲದ ತೂತು. "ಇವತ್ತು ಕಂಬಳಿಗೆ ಬಿದ್ದ ಕಿಡಿ ನಾಳೆ ನನ್ ಬಣವೆಗೆ ಬೀಳ್ತದೆ. ಗೌಡ್ರೇ, ಆ ಕುಲುಮೆ ಕೀಳಿಸ್ರಿ."

ಕುಲುಮೆ ಕೀಳುವುದೆಂದರೆ ಜಂಪಣ್ಣನ ಹಲ್ಲನ್ನೇ ಕಿತ್ತ ಹಾಗೆ.

ಅದು ಎಪ್ಪತ್ತೈದನೇ ಇಸವಿಯ ಬೇಸಿಗೆ. ಊರಿಗಿದ್ದ ಒಬ್ಬನೇ ಕಮ್ಮಾರ ಈರಾಚಾರಿ ಕಣ್ಣಿಗೆ ಪೊರೆ ಬಂದು ಸುತ್ತಿಗೆ ಕೆಳಗಿಟ್ಟಿದ್ದರು. ನೇಗಿಲಿನ ಕುಳ ಮೊಂಡಾದರೆ ಬಬ್ಬೂರು ದಾಟಿ ಹಿರಿಯೂರಿನ ತನಕ ಹೊತ್ತು ಹೋಗಬೇಕಿತ್ತು. ಕುರಿ ಕಾಯುವ ಮನೆತನದ ಜಂಪಣ್ಣನಿಗೆ ಆಗ ಹೊಳೆಯಿತು: ತಾನೇ ಯಾಕೆ ಒಂದು ಕುಲುಮೆ ಹೂಡಬಾರದು?

ಹೂಡಿದ. ಹಿರಿಯೂರಿನ ಗ್ಯಾರೇಜಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಲಾರಿಯ ಬ್ರೇಕ್ ಡ್ರಮ್ಮನ್ನು ತಂದು ಕಲ್ಲುಕಟ್ಟೆಯ ಮೇಲೆ ಕೂರಿಸಿದ. ಒಳಗೆಲ್ಲ ಪೂಜೆಯಿಲ್ಲದ ಹಳೇ ಹುತ್ತದ ಮಣ್ಣು ಮೆತ್ತಿದ. ತಳಕ್ಕೆ ನೀರಿನ ಪೈಪಿನ ತುಂಡೊಂದನ್ನು ಗಾಳಿಗೆಂದು ತೂರಿಸಿದ. ಗಾಳಿಯೂದುವ ತಿದಿಗೆ ತನ್ನ ಹಟ್ಟಿಯ ಟಗರಿನ ಚರ್ಮವೇ ಆಯಿತು. ಮೊದಲನೆಯ ಚರ್ಮವನ್ನು ಹದ ಮಾಡದೆ ಹೊಲಿದದ್ದಕ್ಕೆ ಊರಿನ ನಾಯಿಗಳೆಲ್ಲ ಮೂರು ದಿನ ಅವನ ಹಿತ್ತಲಲ್ಲೇ ಬಿಡಾರ ಹೂಡಿದ್ದವು. ಎರಡನೆಯದನ್ನು ತಂಗಡಿ ಗಿಡದ ತೊಗಟೆಯ ನೀರಲ್ಲಿ ನೆನೆಹಾಕಿ ಹದ ಮಾಡಿ ಹೊಲಿದ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಬದಲಿಗೆ ಚಿಕ್ಕಜಾಜೂರಿನ ಗುಜರಿಯಿಂದ ಒಂದು ಮೊಳ ರೈಲು ಕಂಬಿ ಬಂತು. ಅದನ್ನು ಬಸ್ಸಿನ ಮೇಲೆ ಹೇರಿದಾಗ ಬಸ್ಸಿನ ಮುಂದಿನ ಚಕ್ರಗಳು ನೆಲ ಬಿಟ್ಟವಂತೆ. ಡ್ರೈವರು ಹಿರಿಯೂರಿನವರೆಗೂ ಆಕಾಶ ನೋಡಿಕೊಂಡೇ ಬಸ್ಸು ಓಡಿಸಿದನಂತೆ.

ಜಾಲಿ ಕೊರಡುಗಳನ್ನು ಗುಂಡಿಗೆ ತುಂಬಿ, ಮೇಲೆ ಸೊಪ್ಪು ಮಣ್ಣು ಮುಚ್ಚಿ, ಸಣ್ಣಗೆ ಉರಿಸಿ ಇದ್ದಿಲನ್ನೂ ಅವನೇ ಸುಟ್ಟ. ಆಮೇಲೆ ಲಾರಿಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಕುಳ ಬಡಿಯತೊಡಗಿದ. ಮೊದಲನೆಯ ಕುಳ ಹೊಲಕ್ಕಿಳಿದ ಕೂಡಲೇ ಮೂಗು ಸೊಟ್ಟ ಮಾಡಿಕೊಂಡಿತು. ಮುಂದಿನ ಮೂರನ್ನು ಕೆಂಡದಂತೆ ಕಾಯಿಸಿ ನೀರಿಗದ್ದಿದ. ಅವು ಗಟ್ಟಿಯೇನೋ ಆದವು. ಆದರೆ ಕಲ್ಲು ತಾಗಿದೊಡನೆ ಹಪ್ಪಳದಂತೆ ಮುರಿದವು.

ಐದನೆಯದು ಮುರಿಯಲಿಲ್ಲ, ಬಾಗಲೂ ಇಲ್ಲ. ಅದಕ್ಕೇನು ಮಾಡಿದೆ ಎಂದು ಯಾರು ಕೇಳಿದರೂ ಜಂಪಣ್ಣ ಮೀಸೆ ತೀಡಿ, "ಕೈಗುಣ ಕಣಪ್ಪ, ಕೈಗುಣ" ಎನ್ನುತ್ತಿದ್ದ.

ಈಗ ಆ ಕೈಗುಣಕ್ಕೇ ಪರೀಕ್ಷೆ ಬಂತು. ಗೌಡ ತೀರ್ಪು ಕೊಟ್ಟ: "ನೋಡ್ಲೇ ಜಂಪಣ್ಣ. ನಾಳೆ ನಿನ್ ಕುಳ ಕಾಟಪ್ಪನ ಕಲ್ಲು ಹೊಲದಾಗೆ ಬೆಳಗಿಂದ ಮಧ್ಯಾಹ್ನದ ತನಕ ಉಳಬೇಕು. ಉಳಿದ್ರೆ, ಆಚಾರ್ರು ಮುಟ್ಟಿ ನೋಡಿ ಹ್ಞೂಂ ಅಂದ್ರೆ, ಕುಲುಮೆ ಇರ್ಲಿ. ಓಬಯ್ಯನ ಕಡೀಗೆ ನಾಕಾಳೆತ್ತರ ಗೋಡೆ ಹಾಕು. ಇಲ್ಲಾಂದ್ರೆ ಸಂಜೆಯೊಳಗೆ ಕಿತ್ತಾಕು."

"ನಾಕಾಳಲ್ಲ ಗೌಡ್ರೇ, ದುರ್ಗದ ಕೋಟೆಯಷ್ಟೆತ್ತರ ಹಾಕ್ತೀನಿ" ಎಂದ ಜಂಪಣ್ಣ.

ಕಾಟಪ್ಪನ ಹೊಲವೆಂದರೆ ಮಣ್ಣಿಗಿಂತ ಕಲ್ಲೇ ಹೆಚ್ಚು. ಅಲ್ಲಿ ಕುಳ ಮುರಿಸಿಕೊಳ್ಳದ ರೈತನಿರಲಿಲ್ಲ. ಮರುದಿನ ಬೆಳಿಗ್ಗೆ ಅರ್ಧ ಊರೇ ಬದುವಿನ ಮೇಲೆ ಕೂತಿತ್ತು. ಕಾಟಪ್ಪ ನೇಗಿಲು ಹಿಡಿದ. ಕಲ್ಲಿಗೆ ಕುಳ ಕಟ್ ಎಂದಾಗಲೆಲ್ಲ ಜಂಪಣ್ಣನ ಹಲ್ಲೂ ಕಟ್ ಎನ್ನುತ್ತಿತ್ತು. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ನೋಡ್ರಿ, ಕಲ್ಲೇ ಪಕ್ಕಕ್ ಸರೀತಾ ಅವೆ! ನನ್ ಕುಳ ಕಂಡ್ರೆ ಕಲ್ಲಿಗೂ ಭಯ ಐತೆ!"

ಹೊತ್ತು ನೆತ್ತಿಗೆ ಬಂತು. ಕಾಟಪ್ಪ ನೇಗಿಲು ಮಗುಚಿ ಕುಳವನ್ನು ಎಲ್ಲರಿಗೂ ತೋರಿಸಿದ. ತುದಿ ಸವೆದು ಬೆಳ್ಳಗೆ ಮಿಂಚುತ್ತಿತ್ತು. ಮುರಿದಿರಲಿಲ್ಲ, ಬಾಗಿರಲಿಲ್ಲ. ಬದುವಿನ ಮೇಲೆ ಕೇಕೆ ಎದ್ದಿತು. ಜಂಪಣ್ಣನ ಹೆಂಡತಿ ದುರುಗಕ್ಕ ಬುತ್ತಿಗಂಟು ಹೊತ್ತು ಅದೇ ತಾನೇ ಬಂದವಳು ಸೆರಗಿನ ಮರೆಯಲ್ಲಿ ನಕ್ಕಳು.

"ಇನ್ನೊಂದು ಕುಳ ಮಾಡಿದ್ಯಂತಲ್ಲ, ಹೊಲಕ್ಕಿಳೀದೇ ಇರೋದು. ಅದನ್ ಕೊಡಪ್ಪ" ಎಂದರು ಈರಾಚಾರಿ. ಜಂಪಣ್ಣ ಆರನೆಯದನ್ನು ಅವರ ಕೈಗಿಟ್ಟ. ಪೊರೆ ಬಂದ ಕಣ್ಣು ಆಕಾಶದ ಕಡೆಗಿತ್ತು. ಬೆರಳುಗಳು ಕುಳದ ಮೇಲೆ ಇರುವೆಯಂತೆ ಹರಿದಾಡಿದವು. ಉಗುರಿನಿಂದ ಕುಟ್ಟಿ ನಾದ ಕೇಳಿದರು. "ಹದ ಚೆನ್ನಾಗೈತೆ. ಹೆಂಗೆ ಕೊಟ್ಟೆ?"

"ಹೆಂಗಂದ್ರೆ... ಕೆಂಪಗೆ ಕಾಯ್ಸಿದೆ, ನೀರು ಕುಡಿಸ್ದೆ, ಆಯ್ತು."

"ಆಮೇಲೆ?"

"ಆಮೇಲೇನೈತೆ? ಉಳಿದಿದ್ದೆಲ್ಲ ಕೈಗುಣ!"

"ಸುಳ್ಳು" ಎಂದರು ಆಚಾರಿ, ತಣ್ಣಗೆ. "ಬರೀ ನೀರು ಕುಡಿಸಿದ್ದು ಈ ಹೊಲದಾಗೆ ಒಂದು ಸಾಲೂ ಉಳಾಕಿಲ್ಲ. ಇದನ್ನ ಆಮೇಲೆ ಯಾರೋ ಸಣ್ಣ ಶಾಖಕ್ಕೆ ಮತ್ತೆ ಇಟ್ಟವ್ರೆ, ಬಣ್ಣ ನೋಡಿ ಎತ್ತವ್ರೆ. ಯಾವ ಬಣ್ಣಕ್ಕೆ ಎತ್ತಿದೆ, ಹೇಳು."

ಜಂಪಣ್ಣ ಮೀಸೆಗೆ ಕೈ ಹಾಕಿದ. "ಕೆಂಪು."

ಆಚಾರಿ ಅಲ್ಲವೆಂದು ತಲೆಯಾಡಿಸಿದರು. ಅವರ ಬೆರಳು ಕುಳದ ಹಿಂಭಾಗದ ಮಡಿಕೆಯೊಳಗೆ ಹೋಗಿ ನಿಂತಿತು. ಏನನ್ನೋ ಕೆರೆದು ಮೂಸಿದರು, ನಾಲಿಗೆಗೆ ಹಚ್ಚಿಕೊಂಡರು. "ಲೇ, ಇದು ಜೋಳದ ಹಿಟ್ಟು! ಕುಲುಮೆಯಾಗೆ ಜೋಳದ ಹಿಟ್ಟು ಎಲ್ಲಿಂದ ಬಂತಲೇ?"

ಓಬಯ್ಯ ಕಂಬಳಿಯ ತೂತಿನಿಂದ ಒಂದು ಕಣ್ಣು ಇಟ್ಟು ಜಂಪಣ್ಣನನ್ನೇ ನೋಡುತ್ತಿದ್ದ.

"ಒಂದು ಕುಳ ಅದೃಷ್ಟಕ್ಕೂ ನಿಲ್ತದೆ" ಎಂದರು ಆಚಾರಿ. "ನಾಳೆ ಊರೋರ ಕುಳ ಎಲ್ಲ ನಿನ್ ಕೈಗೆ ಬರ್ತಾವೆ. ಹೆಂಗೆ ಮಾಡಿದ್ದು ಅಂತ ಗೊತ್ತಿಲ್ದೋನಿಗೆ ನಾನು ಹ್ಞೂಂ ಅನ್ನಾಕಿಲ್ಲ. ಗೌಡ್ರೇ, ಕುಲುಮೆ ಕೀಳಿಸ್ರಿ."

ಆ ಮಾತು ಕೇಳಿದ್ದೇ ಜಂಪಣ್ಣ ಹೊಲದ ನಡುವೆ ದೊಪ್ಪನೆ ಕುಂತ. ಇಷ್ಟು ದಿನ ಹೇಳಿದ ಸುಳ್ಳುಗಳಲ್ಲಿ ಒಂದೂ ಈಗ ಕೈಗೆ ಸಿಗಲಿಲ್ಲ.

"ನಾನಲ್ಲ ಆಚಾರ್ರೇ" ಎಂದ. "ಇವಳು. ದುರುಗಿ."

ದುರುಗಕ್ಕ ಬುತ್ತಿಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಮೂರು ಕುಳ ಮುರಿದ ಮ್ಯಾಲೆ ನಾನು ಸಿಟ್ಟು ಬಂದು ಐದನೇದನ್ನ ನೀರಿಗದ್ದಿ ಅಂಗ್ಳಕ್ಕೆ ಎಸ್ದು ಹೋಗಿದ್ದೆ. ಒದ್ದೆ ಕಬ್ಬಿಣ ತುಕ್ಕು ಹಿಡೀತದಂತ ಇವಳು ಎತ್ಕಂಡು ಒಳಗೋದ್ಲು. ಒಲೆ ಮೇಲೆ ರೊಟ್ಟಿ ಹಂಚು ಕಾದಿತ್ತು, ಅದರ ಮ್ಯಾಲೆ ಒಣಗ್ಲಿ ಅಂತ. ಆದ್ರೆ ಮಸಿ ಹಿಡಿದ ಕಬ್ಬಿಣನ ರೊಟ್ಟಿ ಹಂಚಿನ ಮ್ಯಾಲೆ ಇಡ್ತಾಳಾ ಇವಳು? ಬೂದಿ, ಹುಣಸೆಹಣ್ಣು ಹಾಕಿ ಚೊಂಬು ಬೆಳಗಿದಂಗೆ ಬೆಳಗಿ ಇಟ್ಟವ್ಳೆ. ಅದು ಗಟ್ಟಿ ನಿಂತಿದ್ದು ನೋಡಿ ಈ ಆರನೇದನ್ನೂ ಇವಳ ಕೈಲೇ ಹಂಗೇ ಮಾಡಿಸ್ದೆ."

"ಬೆಳಗಿದ್ದಕ್ಕೇ ಬಣ್ಣ ಕಂಡೈತೆ" ಎಂದರು ಆಚಾರಿ ಮೆಲ್ಲಗೆ. ಅವರ ಮುಖ ದುರುಗಕ್ಕ ನಿಂತ ಕಡೆ ತಿರುಗಿತು. "ಏನು ಕಂಡ್ಯವ್ವ?"

ಅಷ್ಟು ಗಂಡಸರ ಎದುರಿಗೆ ದುರುಗಕ್ಕ ಮೊದಲ ಸಲ ಬಾಯಿ ಬಿಟ್ಟಳು. "ಮೊದ್ಲು ಒಣಹುಲ್ಲಿನಂಗೆ ಹಳದಿ ಬಂತ್ರಿ. ಆಮೇಲೆ ಬೆಲ್ಲದ ಬಣ್ಣ. ಅದರಾಚೆ ಬದನೇಕಾಯಿ ಬಣ್ಣ ತಿರುಗಾಕೆ ಹತ್ತಿತ್ತು. ಸೀದೋಗ್ತದೆ ಅಂತ ಬೆಲ್ಲದಾಗೇ ಎತ್ತಿ ನೀರಿಗಾಕ್ದೆ. ರೊಟ್ಟಿ ಎತ್ತಾಕಿಲ್ವಾ, ಹಂಗೆ."

"ನಮ್ಮಪ್ಪ ನನಗೆ ಈ ಬಣ್ಣ ಕಲಿಸಾಕೆ ನಾಕು ವರ್ಷ ತಗಂಡ" ಎಂದರು ಈರಾಚಾರಿ. "ಗೌಡ್ರೇ, ಕುಲುಮೆ ಇರ್ಲಿ. ಆದ್ರೆ ಹದ ಕೊಡಾಕೆ ಈ ತಾಯಿ ಕೂರ್ಬೇಕು. ಇವನು ತಿದಿ ಒತ್ಲಿ."

"ಮೊದ್ಲಿಂದ್ಲೂ ಒತ್ತೋನು ನಾನೇ!" ಎಂದು ಜಂಪಣ್ಣ ಜಿಗಿದೆದ್ದ. ಸಿಕ್ಕಿಬಿದ್ದ ಕಳ್ಳನ ಮುಖ ಇರಬೇಕಾದಲ್ಲಿ ಗೆದ್ದ ಟಗರಿನ ಮುಖವಿತ್ತು. ಎದೆ ಎರಡು ಗೇಣು ಮುಂದೆ ಬಂದಿತ್ತು. "ಕೇಳ್ಕಳ್ರಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿಗಾನ ಹೋಗಿ ಹುಡುಕ್ರಿ! ರೊಟ್ಟಿ ಹಂಚಿನ ಮ್ಯಾಲೆ ಕುಳ ಬೇಯಿಸೋ ಹೆಣ್ಮಗಳು ನನ್ ಹೆಂಡ್ತಿ ಒಬ್ಳೇ! ಇದು ಮಾತ್ರ ನಿಜ!"

"ಇದು ಮಾತ್ರನಾ?" ಎಂದ ಓಬಯ್ಯ. "ಹಂಗಾರೆ ಮಾರಿಕಣಿವೆ ಮೀನು?"

ಎಲ್ಲರೂ ಜಂಪಣ್ಣನನ್ನೇ ನೋಡಿದರು. ದುರುಗಕ್ಕನೂ ನೋಡಿದಳು. ಜಂಪಣ್ಣ ತಲೆ ಕೆರೆದುಕೊಂಡ.

"ಮೀನು ಬೇಯ್ಲಿಲ್ಲ ಕಣಪ್ಪ. ನಿಜ ಹೇಳ್ಬೇಕಂದ್ರೆ, ಅವತ್ತು ಕುಲುಮೇನೇ ಹೊತ್ಲಿಲ್ಲ. ಇದ್ದಿಲು ಸುಡೋ ಗುಂಡೀನ ಒಂದಿನ ಮೊದ್ಲೇ ಬಗೆದುಬಿಟ್ಟಿದ್ದೆ, ಇದ್ದಿಲು ಅರ್ಧ ಹಸೀನೇ ಇತ್ತು. ಸಂಜೆ ತನಕ ತಿದಿ ಒತ್ತಿ ಒತ್ತಿ ಬರೀ ಹೊಗೆ ಬಂತು. ಕಡೀಗೆ ಇವಳೇ ಒಲೆಯಿಂದ ಒಂದು ಸೌಟು ಕೆಂಡ ತಂದು ಹಾಕಿದ್ಲು. ಆವಾಗ ಹೊತ್ತಿದ್ದು."