ಹಿಂಗೈಯ ಮುರಗೆಪ್ಪ

ರಾಯಬಾಗದ ಬದಿಯ ಕಬ್ಬಿನ ಹೊಲಗಳ ನಡುವಿನ ಆ ಮನೆಯ ಯಜಮಾನ ಮುರಗೆಪ್ಪ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟಿದವನಲ್ಲ. ಬಾವಿಯ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯಾಗಲಿ, ಚಹಾದ ಲೋಟವಾಗಲಿ, ಜ್ವರ ಬಂದವರ ಹಣೆಯಾಗಲಿ, ಹಿಂಗೈ ತಾಗಿಸಿ ನೋಡಿದ ಮೇಲೆಯೇ ಅವನಿಗೆ ನಂಬಿಕೆ. ಅಂಗೈಯಾದರೆ ಕರೆಂಟು ಹಿಡಿದುಕೊಳ್ಳುತ್ತದೆ, ಹಿಂಗೈಯಾದರೆ ಕೊಡವಿ ಬಿಡುತ್ತದೆ ಎಂಬುದು ಬಾವಿಯ ದಂಡೆಯಲ್ಲಿ ಕಲಿತ ಪಾಠ. ರಿಪೇರಿಗೆ ಕೂತನೆಂದರೆ ಫ್ಯೂಜು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುವನು. ಅದನ್ನು ಮರೆತು ಸಂತೆಗೆ ಹೋಗಿ, ಮನೆಮಂದಿಯೆಲ್ಲ ಫ್ಯಾನಿಲ್ಲದೆ ಬೆವರುತ್ತ ಅವನ ದಾರಿ ಕಾದದ್ದೂ ಉಂಟು. ಉದ್ದನೆಯ ಆಳು, ಹೆಜ್ಜೆ ದೊಡ್ಡದು, ಮಾತು ಚಿಕ್ಕದು.

ಈ ಮಳೆಗಾಲದಲ್ಲಿ ಅವನ ಹೆಂಡತಿ ರುಕ್ಮವ್ವ ಕತ್ತಲ ಬಚ್ಚಲಲ್ಲಿ ಜಾರಿ ಬಿದ್ದಳು. ಹೊತ್ತು ಮೂಡುವ ಮುನ್ನ ಜಳಕ ಮುಗಿಸಿ ದೇವರ ದೀಪ ಹಚ್ಚುವುದು ಅವಳ ನಿತ್ಯನೇಮ. ಪೆಟ್ಟು ಮಾಯುತ್ತಲೇ ಮತ್ತೆ ಒಬ್ಬಳೇ ಹೊರಟಳು; ಸೊಸೆ ರೂಪಾಲಿ ಜೊತೆಗೆ ಬರುತ್ತೇನೆಂದರೂ ಒಪ್ಪಲಿಲ್ಲ. ಇನ್ನೊಮ್ಮೆ ಬಿದ್ದರೆ ಏಳುವಳೋ ಇಲ್ಲವೋ ಎಂಬ ಭಯ ಮುರಗೆಪ್ಪನಿಗೆ. ಪೇಟೆಗೆ ಹೋಗಿ ಗಾಜಿನ ಮುಚ್ಚಳವಿದ್ದ ದೀಪ, ಸ್ವಿಚ್ಚು, ವೈರು ತಂದ. ದಿನವಿಡೀ ಶ್ರದ್ಧೆಯಿಂದ ಕೂತು, ಒದ್ದೆ ಕೈ ತಾಗದಂತೆ ಸ್ವಿಚ್ಚನ್ನು ಬಾಗಿಲಿನ ಹೊರಗೋಡೆಗೆ ಜೋಡಿಸಿದ. ಎತ್ತರ ಮಾತ್ರ ಸ್ಟಾರ್ಟರ್ ಪೆಟ್ಟಿಗೆಯದೇ: ಅಂಗಳದ ಕರು ನಾಲಿಗೆ ಹಾಕಬಾರದು. ಎಡವಿದ್ದು ಅಲ್ಲಿಯೇ.

ಮರುದಿನ ನಸುಕಿನಲ್ಲಿ ಹಾಸಿಗೆಯಲ್ಲೇ ಬೆಳಕಿಗಾಗಿ ಕಾದ. ಕತ್ತಲಲ್ಲಿ ನೀರು ಸುರಿಯುವ ಸದ್ದಷ್ಟೇ ಕೇಳಿತು. ಎದ್ದು ಹೋಗಿ ಬಚ್ಚಲ ಬಾಗಿಲಿಗೆ ನಿಂತ.

"ಲೈಟ ಯಾಕ ಹಾಕಲಿಲ್ಲ?"

"ಗ್ವಾಡಿ ಗುರ್ತೈತ್ರಿ ನನಗ," ಎಂದಳು ಹೊರಬಂದ ರುಕ್ಮವ್ವ.

ಅವನು ದಾರಿ ಬಿಡಲಿಲ್ಲ. ಅವಳು ತಲೆ ತಗ್ಗಿಸಿದಳು. "ಬಿದ್ದಾಗಿಂದ ಈ ಕೈ ಮ್ಯಾಲ ಏಳವಲ್ದ್ರಿ, ಇನ್ನೊಂದ್ರಾಗ ಗ್ವಾಡಿ ಹಿಡೀಬೇಕು. ನೀವು ಅಷ್ಟ ಕಾಳಜಿಲೇ ಹಾಕೀರಿ. ನಿಲುಕೂದಿಲ್ಲ ಅಂತ ಹ್ಯಾಂಗ ಅನ್ನಲಿ?"

ಒಂದೇ ಸೂರಿನಡಿ ಇದ್ದೂ ತಾನಿದನ್ನು ಕಾಣಲಿಲ್ಲವೆಂದು ಅವನಿಗೆ ಸಂಕಟವಾಯಿತು. ಅವಳ ಭುಜಕ್ಕೆ ಮೆಲ್ಲನೆ ಹಿಂಗೈ ತಾಗಿಸಿದ.

ಬೆಳಗಾದೊಡನೆ ಫ್ಯೂಜು ಕಿಸೆ ಸೇರಿತು. "ಕೈ ಇಡು ಇಲ್ಲಿ. ದಿನಾ ಇಡೂವಂಗ," ಎಂದ. ಹೊಸ್ತಿಲು ದಾಟುವಾಗ ಆಸರೆಗೆ ಗೋಡೆ ಹಿಡಿಯುವ ಜಾಗದಲ್ಲಿ ಅವಳು ಕೈಯಿಟ್ಟಳು. ತಂಬಾಕಿನ ಡಬ್ಬಿಯಿಂದ ಸುಣ್ಣ ತೆಗೆದು ಬೆರಳ ತುದಿಗೆ ಗುರುತು ಮಾಡಿದ. ಸ್ವಿಚ್ಚು ಅಲ್ಲಿಗೆ ಇಳಿಯಿತು. ಕರುವಿನ ಗೂಟ ಅಂಗಳದ ಆಚೆ ತುದಿಗೆ ಹೋಯಿತು. ಅವಳು ಒತ್ತಿದಳು. ಬೆಳಕಿಲ್ಲ. ಅವನ ಮುಖ ಸಣ್ಣದಾಯಿತು.

"ಕಿಸೆ ನೋಡ್ಕೋರಿ," ಎಂದು ಅವಳು ನಕ್ಕಳು.

ಇಂಥವರಿಗೆ ಪ್ರೀತಿಯನ್ನು ಆಡಿ ತೋರಿಸಲು ಬರುವುದಿಲ್ಲ, ಮಾಡಿ ತೋರಿಸುತ್ತಾರೆ. ಮೊದಲ ಸಲ ತಮ್ಮದೇ ಅಳತೆಯಲ್ಲಿ ಮಾಡುತ್ತಾರೆ. ಮಾಡಿದ್ದನ್ನು ಬಿಚ್ಚಿ, ಇನ್ನೊಬ್ಬರ ಕೈಗೆ ನಿಲುಕುವಷ್ಟು ಇಳಿಸುವವರು ಅಪರೂಪ. ಅವರ ಮನೆಯ ಗೋಡೆಗಳಲ್ಲಿ ಒಂದೆರಡು ಹಳೆಯ ತೂತುಗಳು ಉಳಿದಿರುತ್ತವೆ. ಬಚ್ಚಲ ಗೋಡೆಯ ಆ ತೂತುಗಳನ್ನು ಮುಚ್ಚಿಸಲು ರುಕ್ಮವ್ವ ಇನ್ನೂ ಬಿಟ್ಟಿಲ್ಲ.