ಬಾಗಿಲ ಹಿಂದಿನ ಗೀಟುಗಳು

ಲಾಟೀನು ಮೇಷ್ಟ್ರ ಅಡುಗೆಮನೆಯ ಬಾಗಿಲ ಹಿಂದೆ ಸತ್ತವರ ಲೆಕ್ಕವಿತ್ತು. ಇದ್ದಿಲಿನಲ್ಲಿ ಬರೆದ ಐದು ಸಾಲು: ಕಲ್ಲಿದ್ದಲು, ಅಣೆಕಟ್ಟು, ಬಿಸಿಲು, ಒಲೆ, ಅಣು. ಒಂದು ಸಾವಿಗೆ ಒಂದು ಗೀಟು. ಪೇಪರಿನಲ್ಲಿ ಓದಿದವರು, ದೂರದ ದೇಶದಲ್ಲಿ ಹೋದವರು ಲೆಕ್ಕಕ್ಕಿಲ್ಲ. ಸತ್ತವರ ಮುಖ ಮನೆಯವರಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ನಿಯಮ ಮಾಡಿದ್ದು ಮೇಷ್ಟ್ರೇ. "ಅಂಕಿ ತಂದು ಸುರಿಯೋಕೆ ಎಲ್ಲರಿಗೂ ಬರುತ್ತೆ. ಮುಖ ತನ್ನಿ," ಎನ್ನುತ್ತಿದ್ದರು.

ಅವರ ಅಳಿಯ ಊರಂಚಿನ ಅಣು ವಿದ್ಯುತ್ ಸ್ಥಾವರದಲ್ಲಿ ಸುರಕ್ಷತಾ ವಿಭಾಗದವನು. ತಿಂಗಳಿಗೊಮ್ಮೆ ಸೈರನ್ ಕೂಗಿಸಿ ಪರೀಕ್ಷೆ ಮಾಡುವುದು ಅವನ ಕೆಲಸವಾದ್ದರಿಂದ ಊರು ಅವನನ್ನು ಸೈರನ್ ಸಾಹೇಬ ಎಂದೇ ಕರೆಯುತ್ತಿತ್ತು. ಮೇಷ್ಟ್ರಿಗೂ ಸ್ಥಾವರಕ್ಕೂ ಎಣ್ಣೆ ಸೀಗೆಕಾಯಿ. ಅದು ಬಂದ ವರ್ಷವೇ ಮನೆಯ ಕರೆಂಟ್ ತಂತಿ ಕತ್ತರಿಸಿಕೊಂಡು, ಲಾಟೀನು ಹಚ್ಚಿಕೊಂಡು, 'ಇಷ್ಟರಲ್ಲೇ ಬದುಕಬಹುದು, ನೋಡಿ' ಎಂದು ಊರಿಗೆಲ್ಲ ತೋರಿಸುತ್ತ ಕೂತವರು ಅವರು. ಅಂಥವರು ಇಂಥವನಿಗೆ ಹೆಣ್ಣು ಕೊಟ್ಟದ್ದು ಹೇಗೆ ಎಂದು ಕೇಳಬೇಡಿ. ಮಗಳು ಹಟ ಹಿಡಿದರೆ ಎಂಥ ಸಿದ್ಧಾಂತವೂ ಬಾಲ ಮುದುರಿಕೊಳ್ಳುತ್ತದೆ.

ಭಾನುವಾರ ಎಲ್ಲರೂ ಮೇಷ್ಟ್ರ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದರು. ತಟ್ಟೆ ಮುಂದೆ ಬಂದ ಕೂಡಲೇ ವಾದ ಶುರು.

"ಕಲ್ಲಿದ್ದಲಿಗೆ ಹನ್ನೊಂದು. ಅಣೆಕಟ್ಟಿಗೆ ನಾಲ್ಕು. ಛಾವಣಿ ಮೇಲೆ ಸೋಲಾರ್ ಕೂರಿಸೋಕೆ ಹೋಗಿ ಬಿದ್ದನಲ್ಲ ಎಲೆಕ್ಟ್ರಿಷಿಯನ್, ಬಿಸಿಲಿಗೂ ಒಂದು. ನಮ್ಮದಕ್ಕೆ? ಒಂದೇ ಒಂದು ಗೀಟು ತೋರಿಸಿ ಮಾವ," ಎಂದು ಅಳಿಯ ಕೆಣಕುತ್ತಿದ್ದ.

"ಹುಲಿ ಹೊಟ್ಟೆ ತುಂಬಿ ಮಲಗಿದೆ ಅಂತ ಬೋನಿನ ಬಾಗಿಲು ತೆಗೀತಾರೇನಪ್ಪಾ?"

"ಬೋನಿಗೆ ಬೀಗ ಹಾಕೋನು ನಾನೇ ಅಲ್ವಾ ಮಾವ?"

"ನನಗೆ ಭಯ ಇರೋದೂ ಅದೇ," ಎನ್ನುತ್ತಿದ್ದರು ಮೇಷ್ಟ್ರು. ಮನೆಯೆಲ್ಲ ನಗುತ್ತಿತ್ತು.

ಬಾಮೈದ, ಅಂದರೆ ಮೇಷ್ಟ್ರ ಮಗ, ಕಲ್ಲಿದ್ದಲು ಲಾರಿ ಓಡಿಸುವವನು. "ನೀವಿಬ್ರೂ ಬಾಯಲ್ಲೇ ಬೆಳಕು ಮಾಡ್ತೀರಿ. ಊರಿನ ಅರ್ಧ ಕರೆಂಟು ಬರ್ತಿರೋದು ನನ್ನ ಲಾರಿಯಿಂದ," ಎಂದು ಕರಿ ಕಫ ಉಗಿಯಲು ಹಿತ್ತಿಲಿಗೆ ಎದ್ದು ಹೋಗುತ್ತಿದ್ದ.

ಒಲೆಯ ಸಾಲಿನಲ್ಲೂ ಒಂದು ಗೀಟಿತ್ತು. ಅದರ ಮಾತು ಯಾರೂ ಎತ್ತುತ್ತಿರಲಿಲ್ಲ. ಅದು ಮೇಷ್ಟ್ರ ಹೆಂಡತಿಯದು: ಕರೆಂಟು ಕಿತ್ತು ಸೌದೆ ಒಲೆ ಹಚ್ಚಿದ ಮೇಲೆ ಹನ್ನೆರಡು ವರ್ಷ ಹೊಗೆ ಕುಡಿದು ಕೆಮ್ಮಿ ಕೆಮ್ಮಿ ಸತ್ತಿದ್ದರು. ಗೀಟು ಎಳೆದವರು ಮೇಷ್ಟ್ರೇ. ಒಂದು ಸಲ ಮಾತ್ರ ವಾದದ ಬಿಸಿಯಲ್ಲಿ ಅಳಿಯ ಬಾಯಿ ಜಾರಿದ: "ಸರಳ ಬದುಕಿಗೂ ಒಂದು ಬಲಿ ಆಗಿದೆಯಲ್ಲ ಮಾವ." ಮುದುಕರ ಕೈ ತಟ್ಟೆಯಲ್ಲೇ ನಿಂತಿತು. ಅಳಿಯನ ಹೆಂಡತಿ ಅವನೊಡನೆ ಒಂದು ವಾರ ಮಾತಾಡಲಿಲ್ಲ, ಮಾತಾಡದೇ ಇದ್ದದ್ದು ಸರಿಯೇ.

ಮಾವ ಅಳಿಯ ಇಬ್ಬರೂ ಊರಿಗೆ ಪಾಠ ಹೇಳಿದ್ದರು. ಅಳಿಯ ಶಾಲೆಯ ಸಭಾಂಗಣದಲ್ಲಿ ನಿಂತು ಹೇಳಿದ್ದು ಇದು: ಒಂದೇ ಸಮನೆ ಕೂಗಿದರೆ ಪರೀಕ್ಷೆ, ಏರಿ ಇಳಿದು ಏರಿ ಇಳಿದು ಕೂಗಿದರೆ ಅಪಾಯ. ಆಗ ಯಾರನ್ನೂ ಕೇಳಬೇಡಿ, ಮನೆಗೆ ಹೋಗಬೇಡಿ, ಸೇತುವೆ ದಾಟಿ. ಕೂಗು ನಡುವೆ ನಿಂತರೆ ಅಪಾಯ ಕಳೆಯಿತು ಅಂತಲ್ಲ, ಕರೆಂಟು ಹೋಗಿರುತ್ತದೆ, ಇನ್ನೂ ಬೇಗ ಓಡಿ. ಮಾವ ಬೀದಿ ಬೀದಿ ತಿರುಗಿ ಹೇಳಿದ್ದು ಇನ್ನೊಂದು: "ಏನೂ ಆಗಿಲ್ಲ ಅಂತ ಅವರು ಮೈಕಿನಲ್ಲಿ ಹೇಳಿದರೆ, ಎಲ್ಲ ಆಗಿಹೋಗಿದೆ ಅಂತ ತಿಳ್ಕೊಳ್ಳಿ." ಊರು, ಪಾಪ, ಇಬ್ಬರ ಮಾತನ್ನೂ ಕೇಳಿಸಿಕೊಂಡಿತ್ತು.

ಆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಹಳೆಯ ಸೈರನ್ ಪೆಟ್ಟಿಗೆಯನ್ನು ಆ ವಾರವಷ್ಟೇ ಕಿತ್ತು ಹೊಸದು ಕೂರಿಸಿದ್ದರು. ಹಳೆಯದರಲ್ಲಿ ಎಡಗಡೆಯ ಗುಂಡಿ ಪರೀಕ್ಷೆಯದು. ಹೊಸದರಲ್ಲಿ ಎಡಗಡೆಯದು ಅಪಾಯದ್ದು. ಕೂರಿಸಿದವರು ಕೊಟ್ಟ ಕಾಗದದಲ್ಲಿ ಅದು ದಪ್ಪಕ್ಷರದಲ್ಲಿತ್ತು. 'ಓದಿದ್ದೇನೆ' ಎಂದು ಸಹಿ ಹಾಕಿ ಅವನು ಅದನ್ನು ಮಡಿಸಿ ಜೇಬಿಗಿಟ್ಟಿದ್ದ. ಹನ್ನೊಂದು ವರ್ಷ ಒತ್ತಿದ ಕೈ, ಕಾಗದ ಯಾಕೆ ಬೇಕು? ಕಿಟಕಿಯಾಚೆ ದೂರದಲ್ಲಿ ಶಾಲೆ ಕಾಣುತ್ತಿತ್ತು. ಶನಿವಾರ ಅರ್ಧ ದಿನ, ತನ್ನ ಪುಟ್ಟ ಮಗಳನ್ನು ಕರೆದುಕೊಂಡು ಹೋಗಲು ಮಾವ ಗೇಟಿನ ಹತ್ತಿರ ನಿಂತಿರುತ್ತಾರೆ. ಅದನ್ನೇ ಯೋಚಿಸುತ್ತ, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಇನ್ನೊಂದು ಕೈಯಿಂದ ಎಡಗಡೆಯದನ್ನು ಒತ್ತಿದ.

ಕೂಗು ಏರಿತು. ಇಳಿಯಿತು. ಮತ್ತೆ ಏರಿತು.

ಕಿವಿಗೆ ಬಿದ್ದದ್ದು ತಲೆಗೆ ಹೋಗಲು ಅವನಿಗೆ ಮುಕ್ಕಾಲು ನಿಮಿಷ ಬೇಕಾಯಿತು. ಲೋಟ ಬಿಸಾಡಿ ಸೈರನ್ ಆಫ್ ಮಾಡಿದ. ಕೂಗು ನಡುವೆಯೇ ನಿಂತಿತು. ಮೈಕು ಎಳೆದುಕೊಂಡು, "ಏನೂ ಆಗಿಲ್ಲ! ಏನೂ ಆಗಿಲ್ಲ! ಎಲ್ಲರೂ ಇದ್ದಲ್ಲೇ ಇರಿ!" ಎಂದು ಅರಚಿದ. ಊರಿನ ಮೂವತ್ತು ಕಂಬಗಳ ಮೇಲಿನ ಸ್ಪೀಕರುಗಳಲ್ಲಿ ಅವನ ದನಿ ಕೇಳಿತು. ಕಿಟಕಿಯಲ್ಲಿ ನೋಡಿದರೆ ಶಾಲೆಯ ಗೇಟು ತೆರೆದಿತ್ತು. ಮಕ್ಕಳು ಸೇತುವೆಯ ದಿಕ್ಕಿಗೆ ಓಡುತ್ತಿದ್ದರು.

ಆಮೇಲೆ ಅವನು ಸುರಕ್ಷತಾ ವಿಭಾಗದವನಾಗಿ ಉಳಿಯಲಿಲ್ಲ, ಬರೀ ಅಪ್ಪನಾದ. ಹಳದಿ ಸಮವಸ್ತ್ರದಲ್ಲೇ ಮೆಟ್ಟಿಲಿಳಿದು ಬೀದಿಗೆ ಬಿದ್ದು ಓಡಿದ. ಅಂಗಡಿ ಕಟ್ಟೆಗಳ ಮೇಲೆ ಇನ್ನೂ ಅನುಮಾನದಲ್ಲಿ ನಿಂತಿದ್ದವರು ಅವನನ್ನು ನೋಡಿದರು. "ಸೈರನ್ ಸಾಹೇಬನೇ ಓಡ್ತಿದ್ದಾನೆ ಕಣ್ರೋ!" ಎಂದು ಯಾರೋ ಕಿರುಚಿದರು. ಅಷ್ಟೇ ಸಾಕಾಯಿತು. ನಿಂತಿದ್ದವರೂ ಓಡಿದರು.

ಸೇತುವೆ ಅಗಲವಿಲ್ಲ, ಒಂದು ಲಾರಿ, ಪಕ್ಕಕ್ಕೆ ಒಂದು ಸೈಕಲ್ಲು, ಅಷ್ಟೇ. ಅದರ ನಡುಮಧ್ಯದಲ್ಲಿ, ತುಂಬಿದ ಕಲ್ಲಿದ್ದಲಿನ ಜೊತೆ, ಬಾಮೈದನ ಲಾರಿ ಸಿಕ್ಕಿಕೊಂಡಿತ್ತು. ಜನ ಮೈಮೇಲೆ ಬರುವುದನ್ನು ಕಂಡು ಅವನು ಎಂಜಿನ್ ನಿಲ್ಲಿಸಿದ್ದ. ಜನ ಲಾರಿಗೂ ಸೇತುವೆಯಂಚಿನ ಕಬ್ಬಿಣದ ಕಟಾಂಜನಕ್ಕೂ ನಡುವಿನ ಸಂದಿಗೆ ನುಗ್ಗಿದರು. ಮುಂದಿನವರು ಬಿದ್ದರು. ಹಿಂದಿನವರು ಅವರನ್ನು ತುಳಿದು ಹತ್ತಿದರು, ಅವರೂ ಬಿದ್ದರು, ಅವರನ್ನೂ ತುಳಿದರು. ಪಕ್ಕೆಲುಬು ಮುರಿಯುವ ಸದ್ದು ಒಣ ಸೌದೆ ಮುರಿದ ಹಾಗೆ ಕೇಳುತ್ತಿತ್ತು. ಒಬ್ಬಾಕೆಯ ಬಾಯಿ ತೆರೆದೇ ಇತ್ತು, ಉಸಿರು ಒಳಗೆ ಹೋಗಲು ಜಾಗವಿರಲಿಲ್ಲ. ಕಟಾಂಜನ ಒಂದು ಕಡೆ ಬಾಗಿ ಇಬ್ಬರು ಕೆಳಗಿನ ಬಂಡೆಗಳ ಮೇಲೆ ಬಿದ್ದರು.

ಆ ಸಂದಿಯಲ್ಲಿ ಮೇಷ್ಟ್ರಿದ್ದರು. ಮೊಮ್ಮಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಲಾರಿಯ ಕಿಟಕಿಯಿಂದ ಬಾಮೈದ ಸೊಂಟದವರೆಗೂ ಹೊರಗೆ ಬಾಗಿ ಹುಡುಗಿಯ ತೋಳು ಹಿಡಿದು ಒಳಗೆಳೆದುಕೊಂಡ. ಅಪ್ಪನ ಕೈ ಹಿಡಿಯಲು ಮತ್ತೆ ಬಾಗುವಷ್ಟರಲ್ಲಿ ಮೇಲೆ ಕೈಯಿರಲಿಲ್ಲ. ಕೆಳಗೆ ಚಪ್ಪಲಿಗಳು, ಕಾಲುಗಳು, ಕಾಲುಗಳ ಕೆಳಗೆ ಒಂದು ಬಿಳಿ ತಲೆ.

ಸಾಹೇಬ ಬಂದು ಮುಟ್ಟುವ ಹೊತ್ತಿಗೆ ಜನ ಬದುಕಿದ್ದವರು ಸತ್ತವರು ಎಂದು ಬೇರೆಯಾಗುತ್ತಿದ್ದರು. ಅವನು ಎರಡೂ ಕೈ ಎತ್ತಿದ. "ಸುಳ್ಳು ಸೈರನ್ನು! ನಿಲ್ಲಿ! ಏನೂ ಆಗಿಲ್ಲ!" ಎಂದ.

ಪಂಕ್ಚರ್ ಅಂಗಡಿಯವನು ತಿರುಗಿದ. ಅವನ ತೊಡೆಯ ಮೇಲೆ ಅವನ ಹೆಂಡತಿಯ ತಲೆಯಿತ್ತು, ಕಿವಿಯಿಂದ ರಕ್ತ ಇಳಿಯುತ್ತಿತ್ತು. ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು ಬಂದ.

"ಏನೂ ಆಗಿಲ್ವಾ?"

ಮೊದಲ ಏಟಿಗೇ ಸಾಹೇಬನ ಮೂಗು ಮುರಿಯಿತು. ಅವನ ಕೂದಲು ಹಿಡಿದು ಸತ್ತವಳ ಮುಖದ ಹತ್ತಿರಕ್ಕೆ ಬಗ್ಗಿಸಿ, "ಏನೂ ಆಗಿಲ್ವಾ? ನೋಡು! ಏನೂ ಆಗಿಲ್ವೇನೋ?" ಎಂದು ಒಂದೊಂದು ಮಾತಿಗೆ ಒಂದೊಂದು ಗುದ್ದು ಹಾಕಿದ. ಸಾಹೇಬ ಕಣ್ಣು ಮುಚ್ಚಿಕೊಂಡ. ಹತ್ತಾರು ಜನ ಸೇರಿಕೊಂಡರು. ಯಾರೋ ಅವನ ಬಲಗೈಯನ್ನು ಬೂಟುಗಾಲಿನಲ್ಲಿ ಮೆಟ್ಟಿ ನಿಂತರು, ಬೆರಳು ಒಂದೊಂದಾಗಿ ಮುರಿದವು. "ನದಿಗೆ ಎಸೀರಿ!" ಎಂದು ಕೂಗಿದರು.

"ಬಿಡ್ರೋ!"

ಬಾಮೈದ ಜಾಕಿನ ಕಬ್ಬಿಣದ ಸಲಾಕೆ ಹಿಡಿದು ಲಾರಿಯಿಂದ ಹಾರಿದ. "ಸತ್ತಿರೋದು ನಮ್ಮಪ್ಪ. ಇವನು ನನ್ನ ಪಾಲಿನವನು. ನಾನೇ ಮುಗಿಸ್ತೀನಿ."

ಜನ ದಾರಿ ಬಿಟ್ಟರು. ಅಪ್ಪನ ಹೆಣ ಬಿದ್ದಿರುವವನ ಹಕ್ಕಿಗೆ ಅಡ್ಡ ಬರುವವರು ಯಾರು? ಬಾಮೈದ ಹೊಡೆದ. ಬೆನ್ನಿಗೆ ಹೊಡೆದ, ತೊಡೆಗೆ ಹೊಡೆದ, ತಲೆಗೆ ಮಾತ್ರ ಹೊಡೆಯಲಿಲ್ಲ. ಉಳಿಸಲು ಎಷ್ಟು ಹೊಡೆದ, ಸಿಟ್ಟಿಗೆ ಎಷ್ಟು ಹೊಡೆದ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಎತ್ತಿ ಕಲ್ಲಿದ್ದಲಿನ ರಾಶಿಯ ಮೇಲೆ ಎಸೆದು, ದಾರಿ ಬಿಡಿಸಿಕೊಂಡು ಲಾರಿ ಹೊರಡಿಸಿದ.

ಆಸ್ಪತ್ರೆಯ ಮುಂದೆ ಇಳಿಸುವಾಗ ಕೇಳಿದ: "ಭಾವ, ಯಾರು ಒತ್ತಿದ್ದು?"

ಮಗಳು ಕ್ಯಾಬಿನ್ನಿನಿಂದ ನೋಡುತ್ತಿದ್ದಳು. "ಮೆಷಿನ್ನು," ಎಂದ ಸಾಹೇಬ, ರಕ್ತ ನುಂಗಿಕೊಂಡು. "ಹೊಸ ಮೆಷಿನ್ನು. ತಾನಾಗೇ ಕೂಗ್ತು."

"ಅಯ್ಯೋ, ಹಂಗಾದ್ರೆ ನಿಮ್ಮನ್ನ ಸುಮ್ ಸುಮ್ನೆ ಹೊಡೆದ್ನಲ್ಲ ಭಾವ!" ಎಂದು ಆ ಗಟ್ಟಿಮುಟ್ಟು ಆಳು ಅವನ ಕಾಲು ಹಿಡಿದುಕೊಂಡು ಅತ್ತ. ಕಬ್ಬಿಣದ ಏಟಿಗಿಂತ ಅದು ನೋಯಿತು. ಆದರೂ ಸುಳ್ಳು ಒಮ್ಮೆ ಬಾಯಿಂದ ಹೊರಗೆ ಬಿದ್ದಮೇಲೆ ಅದಕ್ಕೆ ಕಾಲು ಬರುತ್ತದೆ.

ಸತ್ತವರು ಒಂಬತ್ತು ಜನ. ಆಸ್ಪತ್ರೆಯ ಮಂಚಕ್ಕೇ ಸ್ಥಾವರದ ಅಧಿಕಾರಿ ವರದಿ ತಂದ. ವಿಕಿರಣ ಸೋರಿಕೆ: ಇಲ್ಲ. ವಿಕಿರಣದಿಂದ ಸಾವು: ಸೊನ್ನೆ. ಕಾರಣ: ಯಂತ್ರದೋಷ. ಮೊದಲೆರಡು ಸಾಲು ಅಪ್ಪಟ ನಿಜ. "ಕೈ ಮುರಿದಿದೆ ಅಲ್ವಾ, ಎಡಗೈ ಹೆಬ್ಬೆಟ್ಟು ಒತ್ತು ಸಾಕು," ಎಂದ ಅಧಿಕಾರಿ, ಬಲು ಮರುಕದಿಂದ. ಸಾಹೇಬ ಒತ್ತಿದ. ಒತ್ತುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೂರನೆಯ ಭಾನುವಾರ ಮಧ್ಯಾಹ್ನ ಎಲ್ಲರೂ ಮೇಷ್ಟ್ರ ಮನೆಯಲ್ಲಿ ಸೇರಿದರು. ಅವರ ತಟ್ಟೆಯನ್ನು ಸಾಹೇಬನ ಹೆಂಡತಿ ಮರೆತು ಹಾಕಿ, ನೆನಪಾಗಿ ತೆಗೆದಳು. ಯಾರೂ ಸರಿಯಾಗಿ ಉಣ್ಣಲಿಲ್ಲ. ಬಾಮೈದ ಎದ್ದು ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡು ಬಾಗಿಲ ಹಿಂದೆ ಹೋದ.

"ಎಲ್ಲಿ ಎಳೀತಿದ್ದೀಯಾ?" ಎಂದು ಅಕ್ಕ ಕೇಳಿದಳು.

"ಕಲ್ಲಿದ್ದಲಿಗೆ. ನನ್ನ ಲಾರಿ ಅಡ್ಡ ಇರದಿದ್ರೆ ಅಪ್ಪ ದಾಟ್ತಿದ್ರು. ಅವರನ್ನ ಕೊಂದಿದ್ದು ನನ್ನ ಲೋಡು, ಅಕ್ಕ."

ಇದ್ದಿಲು ಹಲಗೆಗೆ ತಾಗಿತು. ಸಾಹೇಬ ಎದ್ದು ನಿಂತ. ತಾನು ಮಾಡಿದ್ದನ್ನು ಈ ಬಡಪಾಯಿ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾನೆ.

"ಅಲ್ಲಿ ಬೇಡ," ಎಂದ. "ಮೆಷಿನ್ ಕೆಟ್ಟಿರಲಿಲ್ಲ. ನಾನೇ ಒತ್ತಿದ್ದು. ಕಾಗದ ಕೊಟ್ಟಿದ್ರು, ಓದಿರಲಿಲ್ಲ."

ಬಾಮೈದ ಇದ್ದಿಲು ಬಿಸಾಡಿದ. ಎರಡೇ ಹೆಜ್ಜೆಗೆ ಬಂದು ಕುತ್ತಿಗೆ ಹಿಡಿದು ಅವನನ್ನು ಬಾಗಿಲಿಗೆ ಒತ್ತಿದ. ಬಾಗಿಲು ಚೌಕಟ್ಟಿಗೆ ಬಡಿಯಿತು. ಕಣ್ಣು ಮೇಲಾಯಿತು, ಕಾಲು ನೆಲ ಬಿಟ್ಟಿತು. ಸಾಹೇಬ ಬಿಡಿಸಿಕೊಳ್ಳಲು ಕೈ ಎತ್ತಲಿಲ್ಲ.

"ಬಿಡು ಅವರನ್ನ," ಎಂದಳು ಹೆಂಡತಿ. ದನಿ ಏರಲಿಲ್ಲ. "ಸತ್ತರೆ ಸುಲಭ ಆಗುತ್ತೆ."

ಕೈ ಸಡಿಲವಾಯಿತು. ಅವಳು ನೆಲಕ್ಕೆ ಬಿದ್ದಿದ್ದ ಇದ್ದಿಲು ಎತ್ತಿ ಗಂಡನ ಎಡಗೈಯಲ್ಲಿ ಇಟ್ಟಳು. ಅವನು ಅಣುವಿನ ಖಾಲಿ ಸಾಲಿನಲ್ಲಿ ಒಂದು ಗೀಟು ಎಳೆದ. ಸೊಟ್ಟಗೆ ಬಂತು. ಒಲೆಯ ಸಾಲಿನ ಗೀಟೂ ಹೀಗೇ ಸೊಟ್ಟಗಿದ್ದದ್ದು ಅವನಿಗೆ ಆಗಲೇ ಕಂಡಿತು. ಮುದುಕರ ಕೈಯೂ ಅವತ್ತು ನಡುಗಿರಬೇಕು. ಎರಡನೆಯದಕ್ಕೆ ಕೈ ಎತ್ತಿದಾಗ ಅವಳು ಮಣಿಕಟ್ಟು ಹಿಡಿದಳು.

"ಅಪ್ಪನ ನಿಯಮ ಮರೆತ್ರಾ? ಉಳಿದ ಎಂಟು ಜನರ ಮುಖ ಗೊತ್ತಾ ನಿಮಗೆ?"

"ಇಲ್ಲ."

"ಹಂಗಾದ್ರೆ ಹೋಗಿ. ಒಂದೊಂದು ಮನೆಗೂ ಹೋಗಿ, ಯಾರು ಒತ್ತಿದ್ದು ಅಂತ ಹೇಳಿ, ಮುಖ ನೋಡ್ಕೊಂಡು ಬನ್ನಿ. ಆಮೇಲೆ ಎಳೀರಿ."

"ಕೊಂದುಬಿಡ್ತಾರೆ ಕಣೇ."

"ಕೊಂದ್ರೆ ಹತ್ತನೇದು ನಾನು ಎಳೀತೀನಿ."

ಪುಟ್ಟ ಮಗಳು ಚಪ್ಪಲಿ ತಂದು ಅವನ ಮುಂದಿಟ್ಟಳು. ಒಂದು ಕೈಯಲ್ಲಿ ಹಾಕಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬಗ್ಗಲಿಲ್ಲ. ಬೀದಿಯ ಬಿಸಿಲಿಗೆ ಇಳಿದ. ಮೊದಲು ಯಾವ ಮನೆ ಎಂದು ಯೋಚಿಸುವ ಅಗತ್ಯವಿರಲಿಲ್ಲ. ಒಂದು ಮುಖವನ್ನು ಅವನಿಗೆ ಕೂದಲು ಹಿಡಿದು ತೋರಿಸಿದ್ದರು, ಆಗ ಕಣ್ಣು ಮುಚ್ಚಿಕೊಂಡಿದ್ದ.

ಪಂಕ್ಚರ್ ಅಂಗಡಿಯ ಹಿಂದಿನ ಮನೆಯ ಕದ ತಟ್ಟಿದ. ತೆರೆದವನ ಕೈಯಲ್ಲಿ ಚಕ್ರ ಬಿಚ್ಚುವ ಪಾನಾ ಇತ್ತು.

"ಒತ್ತಿದ್ದು ನಾನೇ," ಎಂದ ಸೈರನ್ ಸಾಹೇಬ. "ನಿಮ್ಮ ಮನೆಯವರ ಫೋಟೋ ಇದ್ರೆ ತೋರಿಸಿ."